ಕೆಲಸ ಬಿಟ್ಟು ಮನೆಯಲ್ಲಿರಬೇಕು ಅನಿಸುತ್ತಿದೆ. ಕಾರಣ ಏನೂ ಇಲ್ಲ, ಇಷ್ಟ ಅಷ್ಟೆ

ಕೆಂಗೇರಿ_ಲೆಕ್ಕ:

ನನಗೆ 35. ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆ ಕೆಂಗೇರಿ. ಬೆಂಗಳೂರು ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು. ಮೆಟ್ರೋ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಶುರುವಾದ ಮೇಲೆ ಬಸ್ಸಿನ ಕಾಟ ತಪ್ಪಿತು, ನಿಜ. ಆದರೂ ಈ ತುದಿಯಿಂದ ಆ ತುದಿ. ಬೆಳಿಗ್ಗೆ ಏಳೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ರಾತ್ರಿ ಎಂಟಕ್ಕೆ.

ಕೆಲಸ ಕೆಟ್ಟದ್ದಲ್ಲ. ಮ್ಯಾನೇಜರ್ ಒಳ್ಳೆಯವರು. ತಿಂಗಳ ಕೊನೆಯ ಕ್ಲೋಸಿಂಗ್, 20ನೇ ತಾರೀಕಿನ ಒಳಗೆ ಜಿಎಸ್‌ಟಿ ರಿಟರ್ನ್, ವೆಂಡರ್‌ಗಳ ಜೊತೆ ಬಿಲ್ಲಿಗಾಗಿ ಕಿತ್ತಾಟ, ಎಲ್ಲ ಅಭ್ಯಾಸ ಆಗಿಬಿಟ್ಟಿದೆ. ಆದರೆ ನನಗೆ ಮನೆಯಲ್ಲಿ ಇರುವುದು ಇಷ್ಟ. ಇದು ನನಗೇ ಗೊತ್ತಾಗಿದ್ದು 2020ರಲ್ಲಿ, ಲಾಕ್‌ಡೌನ್ ಆಗಿ ಮನೆಯಿಂದಲೇ ಕೆಲಸ ಮಾಡುವಾಗ. ಅಲ್ಲಿಯವರೆಗೆ ನಮ್ಮ ಅಡುಗೆಮನೆಗೆ ಹನ್ನೊಂದು ಗಂಟೆಗೆ ಬಿಸಿಲು ಬರುತ್ತದೆ ಅನ್ನೋದೇ ನನಗೆ ಗೊತ್ತಿರಲಿಲ್ಲ! ಮದುವೆಯಾಗಿ ಅದೇ ಮನೆಯಲ್ಲಿ ನಾಲ್ಕು ವರ್ಷ ಆಗಿತ್ತು ಆಗ.

ಹೋದ ಏಪ್ರಿಲ್‌ನಲ್ಲಿ ಮೂರು ದಿನ ರಜ ಹಾಕಿ ಸಾರಿನ ಪುಡಿ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಟೆರೇಸಿನಲ್ಲಿ ಒಣಗಿಸಿದ್ದು, ಧನಿಯಾವನ್ನು ಸಣ್ಣ ಉರಿಯಲ್ಲಿ ಹುರಿಯುತ್ತಾ ಇದ್ದರೆ ಒಂದು ಹೊತ್ತಿಗೆ ಕಾಳು ಸೌಟಿಗೆ ಹಗುರಾಗಿ ಸದ್ದೇ ಬದಲಾಗುತ್ತದಲ್ಲ ಅದನ್ನು ಕೇಳಿಸಿಕೊಂಡಿದ್ದು, ಮಿಲ್ಲಿಗೆ ಹಾಕಿಸಿಕೊಂಡು ಬಂದು ಬಿಸಿ ಪುಡಿಯನ್ನು ಪೇಪರಿನ ಮೇಲೆ ಹರವಿ ಆರಲು ಬಿಟ್ಟಿದ್ದು. ಆ ಮೂರು ದಿನ ಫೋನ್ ಎಲ್ಲಿದೆ ಅಂತ ಕೂಡ ನೆನಪಾಗಲಿಲ್ಲ. ನಾಲ್ಕನೇ ದಿನ ಮೆಟ್ರೋದಲ್ಲಿ ನಿಂತಿದ್ದಾಗ ಬೆರಳಲ್ಲಿ ಇನ್ನೂ ಇಂಗಿನ ವಾಸನೆ ಇತ್ತು. ಸುಮ್ನೆ ಕಣ್ಣಲ್ಲಿ ನೀರು ಬಂತು.

ಸಮಸ್ಯೆ ಏನು ಅಂದರೆ, ಕೆಲಸ ಬಿಡುತ್ತೇನೆ ಅಂದ ತಕ್ಷಣ ಎಲ್ಲರೂ ಕಾರಣ ಕೇಳುತ್ತಾರೆ. ಅಮ್ಮ ಕೇಳಿದ್ದು "ಏನೇ, ವಿಶೇಷಾನಾ?" ಮ್ಯಾನೇಜರ್ ಅದನ್ನೇ ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಕೇಳಿದರು. ಅತ್ತೆ ಚನ್ನಪಟ್ಟಣದಿಂದ ಫೋನ್ ಮಾಡಿ "ನಮಗೇನೂ ತೊಂದರೆ ಇಲ್ಲಮ್ಮ, ನಾವು ಚೆನ್ನಾಗೇ ಇದೀವಿ" ಅಂದರು. ಅವರನ್ನು ನೋಡಿಕೊಳ್ಳೋಕೆ ಬಿಡುತ್ತಿದ್ದೇನೆ ಅಂದುಕೊಂಡರು ಪಾಪ. ಮಗು ಇದ್ದಿದ್ದರೆ, ಇಲ್ಲ ಯಾರಿಗಾದರೂ ಹುಷಾರಿಲ್ಲದಿದ್ದರೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಇಷ್ಟ ಅನ್ನೋದು ಕಾರಣ ಅಲ್ವಾ?

ಗಂಡ "ನಿನ್ನಿಷ್ಟ" ಅಂದಿದ್ದಾರೆ. ಅವರ ಸಂಬಳದಲ್ಲಿ ಮನೆ ನಡೆಯುತ್ತದೆ, ಸಾಲ ಏನೂ ಇಲ್ಲ, ಉಳಿತಾಯ ಕಡಿಮೆಯಾಗುತ್ತದೆ ಅಷ್ಟೆ. ಈ ಕಂಪನಿಗೆ ಸೇರಿ 4 ವರ್ಷ 4 ತಿಂಗಳು. ಅದಕ್ಕೆ ಮುಂಚೆ ಇನ್ನೊಂದು ಕಡೆ 5 ವರ್ಷ. ಬಿಟ್ಟವರು, ಬಿಡದವರು, ಬಿಟ್ಟು ಪಶ್ಚಾತ್ತಾಪ ಪಟ್ಟವರು, ಹೇಳಿ.

ಮೈಸೂರು_ಪೆನ್ಷನ್:

ನೋಡಮ್ಮ, ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ರಿಟೈರ್ ಆದವಳು. ಬಿಡಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತಲೂ ಹೇಳುತ್ತೇನೆ.

ನಮ್ಮಮ್ಮ ಮನೆಯಲ್ಲೇ ಇದ್ದವರು. ಪ್ರತಿ ರಾತ್ರಿ ಊಟ ಆದ ಮೇಲೆ ನೋಟ್ ಬುಕ್ಕಿನಲ್ಲಿ ಲೆಕ್ಕ ಬರೆದು ಅಪ್ಪನಿಗೆ ತೋರಿಸಬೇಕಿತ್ತು. ತೆಂಗಿನಕಾಯಿ ಇಷ್ಟು, ಹೂವು ಇಷ್ಟು, ಸೀಮೆಎಣ್ಣೆ ಇಷ್ಟು. ಕೊನೆಯಲ್ಲಿ "ಇತರೆ, 5 ರೂ." ಅಪ್ಪ ಕೆಟ್ಟವರಲ್ಲ, ಕೈ ಎತ್ತಿದವರಲ್ಲ, ಜೋರಾಗಿ ಮಾತಾಡಿದವರೂ ಅಲ್ಲ. ಆದರೆ ದಿನಾ ಪೆನ್ಸಿಲ್ ತುದಿಯನ್ನು ಅಲ್ಲೇ ಇಟ್ಟು "ಇತರೆ ಅಂದ್ರೇನು?" ಅಂತ ಕೇಳುತ್ತಿದ್ದರು. ಅಮ್ಮ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಅದು ಏನು ಅಂತ ನನಗೆ ಗೊತ್ತಿತ್ತು. ನನ್ನ ಟೈಪಿಂಗ್ ಕ್ಲಾಸಿನ ಫೀಸು.

ನೀನು ಅಕೌಂಟ್ಸ್‌ನವಳು. "ಇತರೆ" ಕಾಲಂ ನಿನ್ನ ಕೈಯಲ್ಲಿ ಇರಲಿ. ಇವತ್ತು ಗಂಡ "ನಿನ್ನಿಷ್ಟ" ಅಂದಿದ್ದಾರೆ, ಒಳ್ಳೆಯದೇ. ಹತ್ತು ವರ್ಷ ಆದ ಮೇಲೂ ಅದೇ ದನಿಯಲ್ಲಿ ಅನ್ನುತ್ತಾರಾ? ಅವರ ಕೆಲಸ ಹೋದರೆ? ಐಟಿಯವರಾದರೆ ಈಗಿನ ಕಾಲದಲ್ಲಿ ಅದನ್ನೂ ಯೋಚಿಸಬೇಕು.

ಹನ್ನೊಂದು ಗಂಟೆಯ ಬಿಸಿಲು ಎಲ್ಲಿಗೂ ಹೋಗಲ್ಲ. ನಾನು 60ಕ್ಕೆ ನೋಡಿದೆ. ಚೆನ್ನಾಗಿತ್ತು.

ಬೆಣ್ಣೆದೋಸೆ_ದಾವಣಗೆರೆ:

ಮೇಲಿನ ಅಮ್ಮ ಹೇಳಿದ್ದು ಸರಿ, ಆದರೆ 60ರವರೆಗೆ ಕಾಯಿ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು 😀

ನಾನು 11 ವರ್ಷದಿಂದ ಮನೆಯಲ್ಲಿದ್ದೇನೆ. ನನಗೂ ಇಷ್ಟವೇ. ಆದರೆ ನಿಮ್ಮ ಸಾರಿನ ಪುಡಿಯ ಮೂರು ದಿನ ಇದೆಯಲ್ಲ, ಅದು ರಜ. ರಜದಲ್ಲಿ ಮನೆಯಲ್ಲಿರುವುದು ಬೇರೆ, ಯಾವಾಗಲೂ ಮನೆಯಲ್ಲಿರುವುದು ಬೇರೆ. ರಜದಲ್ಲಿ ಇರುವವಳನ್ನು ಯಾರೂ ಮಾತಾಡಿಸಲ್ಲ. ಸದಾ ಮನೆಯಲ್ಲಿ ಇರುವವಳು ಎಲ್ಲರಿಗೂ ಸಿಗುತ್ತಾಳೆ. "ಮನೆಯಲ್ಲೇ ಇರ್ತೀಯಲ್ಲ" ಅನ್ನುವ ಒಂದು ಮಾತಿದೆ ನೋಡಿ, ಅದಕ್ಕೆ ರೆಡಿಯಾಗಿ. ಎದುರು ಮನೆಯವರ ಕೊರಿಯರ್ ನಮ್ಮ ಮನೆಗೆ. ಪಕ್ಕದ ಮನೆಯ ಕೀಲಿಕೈ ನಮ್ಮ ಮೊಳೆಗೆ. ಗ್ಯಾಸ್ ಸಿಲಿಂಡರ್ ಅವರದ್ದು, ಓಟಿಪಿ ಹೇಳುವುದು ನಾನು. ನಾದಿನಿ ಮಗನ ಸ್ಕೂಲ್ ವ್ಯಾನ್ ತಪ್ಪಿದರೆ ಫೋನ್ ಬರುವುದು ನನಗೇ. ಒಂದು ದಿನ ಸುಮ್ನೆ ಕುತೂಹಲಕ್ಕೆ ಎಣಿಸಿದೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಬಾಗಿಲ ಗಂಟೆ ಒಂಬತ್ತು ಸಲ ಹೊಡೆಯಿತು. ಅದರಲ್ಲಿ ನಮ್ಮ ಮನೆಗೆ ಬಂದವರು ಇಬ್ಬರು. ಒಬ್ಬ ಸೊಪ್ಪಿನವನು.

ಇನ್ನೊಂದು, ನಿಮ್ಮ ಮನೆಯಲ್ಲಿ ಈಗ ಯಾರು ಏನು ಮಾಡುತ್ತಾರೆ? ಗಂಡ ಪಾತ್ರೆ ತೊಳೆಯುತ್ತಿದ್ದರೆ, ಕೆಲಸದವರು ಬರುತ್ತಿದ್ದರೆ, ನೀವು ಬಿಟ್ಟ ಮೇಲೂ ಅದು ಹಾಗೇ ಇರುತ್ತದಾ ಅಂತ ಈಗಲೇ ಮಾತಾಡಿಕೊಳ್ಳಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿದ್ದೆ. ಸಂಬಳವಿಲ್ಲದ ಮನೆಕೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಮಾಡುತ್ತಾರೆ, ಗಂಡಸರು 88. ಕೆಲಸಕ್ಕೆ ಹೋಗುವವರನ್ನೂ ಸೇರಿಸಿ ಈ ಲೆಕ್ಕ. ಹಾಗಿದ್ದರೆ ಮನೆಯಲ್ಲೇ ಇರುವವಳ ಪಾಲಿಗೆ ಎಷ್ಟು ಬೀಳುತ್ತದೆ ನೀವೇ ನೋಡಿ.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೂ ಆದಾಯದ ಬೆಲೆ ಕಟ್ಟಬೇಕು ಅಂತ ಹೇಳಿತ್ತು. ಖುಷಿಪಟ್ಟು ಪೂರ್ತಿ ಓದಿದರೆ, ಅದು ಅಪಘಾತದಲ್ಲಿ ತೀರಿಹೋದವಳ ಪರಿಹಾರದ ಕೇಸು. ಬದುಕಿದ್ದಾಗ ಕಟ್ಟುವವರು ಯಾರು ಅಂತ ನಮ್ಮವರನ್ನು ಕೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿದರು.

ಆದರೂ ಕೇಳಿದರೆ, ನಾನು ವಾಪಸ್ ಹೋಗಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ನನ್ನದು. ಬಾಗಿಲು ಬಡಿದರೂ ತೆಗೆಯಲ್ಲ.

ಪೀಣ್ಯ_2ನೇ_ಹಂತ:

ಅಕ್ಕ, ಬೇಜಾರಾಗಬೇಡಿ, ಇದು ದುಡ್ಡಿದ್ದವರ ಪ್ರಶ್ನೆ. ನಮ್ಮಮ್ಮ 19 ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿದ್ದಾರೆ. ಕಾಲರ್ ಹೊಲಿಯುತ್ತಾರೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. 2023ರಿಂದ ಬಸ್ ಫ್ರೀ ಆಯ್ತು, ಗೃಹಲಕ್ಷ್ಮಿ 2,000 ಬರುತ್ತೆ, ಅದರಿಂದ ಓವರ್‌ಟೈಮ್ ಸ್ವಲ್ಪ ಕಡಿಮೆ ಮಾಡಿದ್ದಾರೆ ಅಷ್ಟೆ.

ನಿಮ್ಮ ಪೋಸ್ಟ್ ಅಮ್ಮನಿಗೆ ಓದಿ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. "ನಂಗೂ ಮನೇಲಿರೋದೇ ಇಷ್ಟ ಕಣೋ, ಯಾರ್ ಕೇಳಿದ್ರು" ಅಂದರು. ಭಾನುವಾರ ಅವರು ಏನೂ ಮಾಡಲ್ಲ, ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಾರೆ. ಈಗ ಬರುವ ಅಕ್ಕಿಯಲ್ಲಿ ಕಲ್ಲೇ ಇರಲ್ಲ. ಆದರೂ ಆರಿಸುತ್ತಾರೆ.

ಬಿಡೋಕೆ ಆಗುತ್ತೆ ಅಂದ್ರೆ ಬಿಡಿ ಅಕ್ಕ. ಆದರೆ "ಕಾರಣ ಕೇಳುತ್ತಾರೆ" ಅನ್ನೋದು ದೊಡ್ಡ ಕಷ್ಟ ಅಂತ ಮಾತ್ರ ಹೇಳಬೇಡಿ.

ಮನಿ_ಯಜಮಾನ_ಧಾರವಾಡ:

ಅಕ್ಕಾರ, ನಾನು ಗಂಡಸು, ಮನೆಯಲ್ಲಿದ್ದೇನೆ. ಆರು ವರ್ಷ ಆಯ್ತು. ಹೆಂಡತಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನನಗೆ ಸೇಲ್ಸ್ ಕೆಲಸ ಸೇರಲಿಲ್ಲ, ಮನೆ ಸೇರಿತು. ನನ್ನದೂ ನಿಮ್ಮ ಹಾಗೇ, ಇಷ್ಟ ಅಷ್ಟೆ.

ಒಂದು ತಮಾಷೆ ಹೇಳುತ್ತೇನೆ. ಇಷ್ಟ ಅಂತ ನೀವು ಹೇಳಿದರೆ ಜನ ನಂಬುವುದಿಲ್ಲ, ಒಳಗೆ ಏನೋ ಇದೆ ಅಂತಾರೆ. ನಾನು ಹೇಳಿದರೂ ನಂಬುವುದಿಲ್ಲ, ಕೆಲಸ ಸಿಗಲಿಲ್ಲ ಅಂತಾರೆ. ಮಗಳ ಶಾಲೆ ಗೇಟಿನ ಹತ್ತಿರ ಮೊದಲ ವರ್ಷ ಯಾರೂ ಮಾತಾಡಿಸಲಿಲ್ಲ. ಎರಡನೇ ವರ್ಷ ನಾನು ರೊಟ್ಟಿ ಬಡಿಯುತ್ತೇನೆ ಅಂತ ಹೇಗೋ ಗೊತ್ತಾಗಿ "ಎಷ್ಟ್ ಚಲೋ ಗಂಡಸ ನೋಡ್ರಿ" ಅಂತ ಶುರುವಾಯಿತು. ನನ್ನ ತಾಯಿ ಐವತ್ತು ವರ್ಷ ಬಡಿದಳು, ಅವಳಿಗೆ ಒಬ್ಬರೂ ಚಲೋ ಅನ್ನಲಿಲ್ಲ. ನನಗೆ ಅದು ಕೇಳಿದಾಗಲೆಲ್ಲ ನಾಚಿಕೆ ಬರುತ್ತದೆ.

ಬ್ಯಾಂಕಿನ ಫಾರ್ಮಿನಲ್ಲಿ ಉದ್ಯೋಗ ಅನ್ನುವ ಕಡೆ ಏನು ಬರೆಯುತ್ತೀರಿ ಅಂತ ಯೋಚಿಸಿ. ನಾನು "ಗೃಹಿಣಿ" ಮೇಲೆ ಟಿಕ್ ಹಾಕಿದೆ. ಕೌಂಟರಿನ ಹುಡುಗಿ "ತಪ್ಪಾಗೇತ್ರಿ" ಅಂತ ಫಾರ್ಮ್ ವಾಪಸ್ ಕೊಟ್ಟಳು.

ಪಿಎಫ್_ಪುರಾಣ:

ಎಲ್ಲರೂ ಮನಸ್ಸಿನ ಮಾತು ಆಡಿದ್ದೀರಿ, ನಾನು ಕಾಗದದ ಮಾತು ಆಡುತ್ತೇನೆ. ಇಂಥ ಫೈಲುಗಳ ಮಧ್ಯೆಯೇ ನನ್ನ ಕೆಲಸ.

ಮೇಡಂ, ನೀವು ಬರೆದ 4 ವರ್ಷ 4 ತಿಂಗಳು ನೋಡಿ ನನಗೆ ಎದೆ ಧಸಕ್ ಅಂತು. ಕಾಯಂ ನೌಕರರಿಗೆ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಬರಬೇಕಾದರೆ ಒಂದೇ ಕಂಪನಿಯಲ್ಲಿ 5 ವರ್ಷ ಆಗಬೇಕು. ಲೆಕ್ಕ ನಿಮಗೇ ಗೊತ್ತಿರುತ್ತದೆ, ಕೊನೆಯ ಬೇಸಿಕ್ ಇಂಟು 15, ಭಾಗಿಸು 26, ಇಂಟು ವರ್ಷ. ಬೇಸಿಕ್ 40,000 ಅಂತ ಇಟ್ಟುಕೊಂಡರೂ 5 ವರ್ಷಕ್ಕೆ 1,15,000 ದಾಟುತ್ತದೆ. ಈಗ ಬಿಟ್ಟರೆ ಸೊನ್ನೆ.

ಪಿಎಫ್ ಜೊತೆಗೇ ಬರುವ ಪಿಂಚಣಿ ಸ್ಕೀಮಿಗೆ ಒಟ್ಟು ಸೇವೆ 10 ವರ್ಷ ಬೇಕು. ನಿಮ್ಮದು ಎರಡೂ ಸೇರಿ 9 ವರ್ಷ 4 ತಿಂಗಳು. ನೋಡಿ, ಅದೇ 8 ತಿಂಗಳಲ್ಲಿ ಎರಡೂ ಮುಗಿಯುತ್ತದೆ! ಆದರೆ ಎರಡು ವಿಷಯ. ಹಳೆಯ ಕಂಪನಿಯ ಪಿಎಫ್ ಇದಕ್ಕೆ ಟ್ರಾನ್ಸ್‌ಫರ್ ಆಗಿರಬೇಕು. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರಾದರೆ, ಸೇರಿದಾಗ ಬೇಸಿಕ್ 15,000ದ ಒಳಗಿದ್ದವರು ಮಾತ್ರ ಪಿಂಚಣಿ ಸ್ಕೀಮಿನಲ್ಲಿ ಇರುತ್ತಾರೆ. ಪಾಸ್‌ಬುಕ್ ತೆಗೆದು ಪಿಂಚಣಿ ಕಾಲಂನಲ್ಲಿ ದುಡ್ಡು ಬೀಳುತ್ತಿದೆಯಾ ನೋಡಿ.

ಆರೋಗ್ಯ ವಿಮೆ ಮರೆಯಬೇಡಿ. ಕಂಪನಿಯ ಪಾಲಿಸಿ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದಕ್ಕೆ ಮುಂಚೆಯೇ ಸ್ವಂತದ್ದು ಮಾಡಿಸಿ. ಬಿಪಿ, ಶುಗರ್ ಥರದ್ದು ಈಗಾಗಲೇ ಇದ್ದರೆ ಅದಕ್ಕೆ ಕ್ಲೇಮ್ ಸಿಗಲು ಕಾಯುವ ಅವಧಿ ಮೂರು ವರ್ಷದವರೆಗೂ ಇರಬಹುದು, ಆದ್ದರಿಂದ ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು.

ಮೈಸೂರಿನ ಅಮ್ಮ ಹೇಳಿದ "ಇತರೆ" ಕಾಲಂಗೆ ಬರೋಣ. ಗಂಡ ಕೊಟ್ಟ ದುಡ್ಡಿಗೆ ನಿಮಗೆ ತೆರಿಗೆ ಇಲ್ಲ. ಆದರೆ ಅದನ್ನು ನಿಮ್ಮ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ ಅವರ ಆದಾಯಕ್ಕೇ ಸೇರುತ್ತದೆ. ನಿಮ್ಮ ಸ್ವಂತ ಸಂಬಳದಿಂದ ಉಳಿಸಿದ್ದಕ್ಕೆ ಈ ತಲೆನೋವಿಲ್ಲ, ಅದನ್ನು ಬೇರೆಯೇ ಇಡಿ, ಬೆರೆಸಬೇಡಿ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಇಲ್ಲದಿದ್ದರೆ ತೆಗೆಯಿರಿ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, ಅದರ ಬಡ್ಡಿಗೆ ತೆರಿಗೆಯೇ ಇಲ್ಲ. ಪ್ರತಿ ತಿಂಗಳು ಗಂಡನ ಸಂಬಳ ಬಂದ ದಿನವೇ ಒಂದು ಮೊತ್ತ ನಿಮ್ಮ ಖಾತೆಗೆ ತಾನಾಗಿ ಬೀಳುವಂತೆ ಬ್ಯಾಂಕಿನಲ್ಲಿ ಹೇಳಿಬಿಡಿ. ಕೇಳಿ ತೆಗೆದುಕೊಳ್ಳುವುದು ಬೇರೆ, ತಾನಾಗಿ ಬರುವುದು ಬೇರೆ.

ಕೆಂಗೇರಿ_ಲೆಕ್ಕ:

ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಮೆಟ್ರೋದಲ್ಲಿ ಸೀಟು ಸಿಕ್ಕಿದೆ.

ಪೀಣ್ಯದವರೇ, ಬೇಜಾರಿಲ್ಲ. ನೀವು ಹೇಳಿದ್ದು ಸರಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅಕ್ಕಿ ಆರಿಸುವುದನ್ನು ಓದಿ ತುಂಬ ಹೊತ್ತು ಬೇರೆ ಏನೂ ಓದೋಕೆ ಆಗಲಿಲ್ಲ.

ಮೈಸೂರು ಅಮ್ಮ, ನೆನ್ನೆ ರಾತ್ರಿ ಗಂಡನ ಜೊತೆ ಕೂತು ಇದನ್ನೆಲ್ಲ ಮಾತಾಡಿದೆ. ತಿಂಗಳ ಮೊತ್ತ ತಾನಾಗಿ ಬರಬೇಕು ಅಂದಾಗ ಅವರು ಒಂದು ಸಲ ನನ್ನ ಮುಖ ನೋಡಿದರು. "ನನ್ ಮೇಲೆ ನಂಬಿಕೆ ಇಲ್ವಾ?" ಅಂದರು. ನಂಬಿಕೆ ಇದೆ, ಅದಕ್ಕೇ ಈಗ ಕೇಳುತ್ತಿದ್ದೇನೆ ಅಂದೆ. ಪೂರ್ತಿ ಒಪ್ಪಿಲ್ಲ ಇನ್ನೂ. ಬೆಳಿಗ್ಗೆ ಕಾಫಿ ಮಾಡಿಕೊಟ್ಟರು, ಮಾತು ಕಡಿಮೆ. ನೋಡೋಣ. ಈ ಮಾತು ಮುಗಿಯದೆ ರಾಜೀನಾಮೆ ಕೊಡಲ್ಲ.

ಪುರಾಣದವರೇ, ಪಾಸ್‌ಬುಕ್ ನೋಡಿದೆ. ಪಿಂಚಣಿ ಕಾಲಂನಲ್ಲಿ ತಿಂಗಳಿಗೆ 1,250 ಬೀಳುತ್ತಿದೆ. ಹಳೆಯದು ಟ್ರಾನ್ಸ್‌ಫರ್ ಆಗಿದೆ. ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಸಂಬಳ 15,000 ಇಂಟು 10 ವರ್ಷ, ಭಾಗಿಸು 70 ಅಂತ ಹಾಕಿದರೆ 58ನೇ ವಯಸ್ಸಿಗೆ ತಿಂಗಳಿಗೆ 2,142 ರೂಪಾಯಿ ಅಂತ ಬಂತು. ಅದಕ್ಕೆ 8 ತಿಂಗಳು, ಹೋಗಿ ಬರುವ ಮೆಟ್ರೋ ದಿನಕ್ಕೆ ಹತ್ತಿರ ಹತ್ತಿರ 180! ನಗು ಬಂತು. ಆದರೆ ಗ್ರಾಚುಟಿ ಬಿಡುವಷ್ಟು ಧೈರ್ಯ ಇಲ್ಲ. ಲೆಕ್ಕದವಳು ನೋಡಿ. 8 ತಿಂಗಳು ಇರುತ್ತೇನೆ.

ದಾವಣಗೆರೆಯವರೇ, ಮೂರರಿಂದ ನಾಲ್ಕೂವರೆ ಬಾಗಿಲು ತೆಗೆಯಲ್ಲ ಅಂದಿರಲ್ಲ, ಮೊದಲ ಸಲ ತೆಗೆಯದೇ ಇದ್ದಾಗ ಏನಾಯಿತು?

ಧಾರವಾಡದ ಅಣ್ಣ, ನಾನು ರೊಟ್ಟಿ ಬಡಿದರೆ ಅಂಚೆಲ್ಲ ಒಡೆಯುತ್ತದೆ. ಏನು ತಪ್ಪು?

ಬೆಣ್ಣೆದೋಸೆ_ದಾವಣಗೆರೆ:

ಏನೂ ಆಗಲಿಲ್ಲ. ಕೊರಿಯರ್‌ನವನು ಮೇಲಿನ ಮನೆಗೆ ಕೊಟ್ಟು ಹೋದ. ಎದುರು ಮನೆಯವರು ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು.

ಮನಿ_ಯಜಮಾನ_ಧಾರವಾಡ:

ಎಸರು ಕುದಿಬೇಕ್ರಿ ಅಕ್ಕಾರ, ಬರೀ ಬಿಸಿ ಆದ್ರ ಸಾಲಂಗಿಲ್ಲ. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹಾಕಿ, ಚಮಚದಿಂದ ಕಲೆಸಿ, ಕೈ ತಾಳುವಷ್ಟು ಆರಿದ ಕೂಡಲೇ ಚೆನ್ನಾಗಿ ನಾದಿ. ಹಿಟ್ಟು ಹಳೆಯದಾದರೆ ಜಿಗಿ ಇರುವುದಿಲ್ಲ, ಏನು ಮಾಡಿದರೂ ಒಡೆಯುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಿ. ನನಗೆ ಕೈ ಕೂಡಲು ನಾಲ್ಕು ತಿಂಗಳು ಹಿಡಿಯಿತು, ನಿಮಗೆ ಎಂಟು ಇದೆಯಲ್ಲ.