ಬೀಜ, ಗಂಟು, ತಿರುಚು: ಸ್ಕ್ಯಾನ್‌ಗೆ ಬರುವವರಿಗೆ ಯಾವ ಪದ?

ಗೆಳೆಯರೇ,

ವೃಷಣದ ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ ಬರುವವರ ಕೈಗೆ ಕೊಡಲು ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಅಂಗದ ಹೆಸರೇ. ಪುಸ್ತಕದಲ್ಲಿ 'ವೃಷಣ', ಮಾತಿನಲ್ಲಿ 'ಬೀಜ'. ಹೊರಗಿನ ಚೀಲಕ್ಕೆ 'ಅಂಡಕೋಶ' ಅನ್ನುವವರೂ ಇದ್ದಾರೆ. ಅದು ಬೇಡ ಅಂತ ನನ್ನ ಅನಿಸಿಕೆ. 'ಅಂಡಾಶಯ', 'ಅಂಡಾಣು' ಎರಡೂ ಹೆಂಗಸರ ದೇಹಕ್ಕೆ ಸಲ್ಲುವ ಪದಗಳು, ಸುಮ್ನೆ ಗೊಂದಲ. ಒಂದು ಸಲ 'ವೃಷಣ, ಅಂದರೆ ಬೀಜ' ಎಂದು ಹೇಳಿ ಮುಂದೆಲ್ಲ 'ಬೀಜ', 'ಬೀಜದ ಚೀಲ' ಅಂತಲೇ ಬರೆದಿದ್ದೇನೆ. ಅದನ್ನು ಬರೆಯಲು ಸಂಕೋಚ ಪಡುವವರಿದ್ದಾರೆ. ಆದರೆ ನೋವು ಎಲ್ಲಿದೆ ಎಂದು ಕೇಳಿದಾಗ ಬಾಯಿಗೆ ಬರುವ ಪದ ಅದೇ ಅಲ್ವಾ?

ಸ್ಕ್ಯಾನ್ ಹೇಗೆ ನಡೆಯುತ್ತದೆ ಅನ್ನುವ ಭಾಗ ಹೀಗಿದೆ:

'ಅಂಗಾತ ಮಲಗಬೇಕು. ಶಿಶ್ನವನ್ನು ಹೊಟ್ಟೆಯ ಕಡೆಗೆ ಸರಿಸಿ ಬಟ್ಟೆ ಮುಚ್ಚುತ್ತಾರೆ. ಬೀಜದ ಚೀಲದ ಕೆಳಗೆ ಮಡಚಿದ ಟವಲ್ ಇಡುತ್ತಾರೆ. ಜೆಲ್ ಹಚ್ಚಿ, ಅದರ ಮೇಲೆ ಪ್ರೋಬ್ (ಸ್ಕ್ಯಾನ್ ಮಾಡಲು ಕೈಯಲ್ಲಿ ಹಿಡಿಯುವ ಉಪಕರಣ) ಆಡಿಸುತ್ತಾರೆ. ಜೆಲ್ ತಣ್ಣಗಿರಬಹುದು. ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲೇ ಊತ ಇದ್ದರೆ ಒತ್ತಿದಾಗ ನೋಯಬಹುದು, ಹಾಗಾದರೆ ತಕ್ಷಣ ಹೇಳಿ. ಕೆಲವೊಮ್ಮೆ ಎದ್ದು ನಿಲ್ಲಲು, ಉಸಿರು ಬಿಗಿಹಿಡಿದು ಮುಕ್ಕಲು ಹೇಳುತ್ತಾರೆ. ಊದಿಕೊಂಡ ರಕ್ತನಾಳಗಳು ಆಗ ಚೆನ್ನಾಗಿ ಕಾಣುತ್ತವೆ. ಇದು ಶಬ್ದದ ಅಲೆಗಳಿಂದ ಮಾಡುವ ಸ್ಕ್ಯಾನ್, ಎಕ್ಸ್-ರೇ ಬಳಸುವುದಿಲ್ಲ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ.'

'ಮುಕ್ಕುವುದು', ಅಂದರೆ ಹೊಟ್ಟೆ ಬಿಗಿಮಾಡಿ ಒತ್ತುವುದು, ಎಲ್ಲ ಕಡೆ ಅರ್ಥವಾಗುತ್ತದೆಯೇ? ಪ್ರೋಬ್‌ಗೆ 'ಶೋಧಕ' ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಆ ಕೋಣೆಯಲ್ಲಿ ಎಲ್ಲರೂ ಪ್ರೋಬ್ ಅಂತಲೇ ಹೇಳುತ್ತಾರೆ.

ಜಾಸ್ತಿ ಕಾಡುತ್ತಿರುವುದು 'ಗಂಟು' ಮತ್ತು 'ಗೆಡ್ಡೆ'. ಕೈಗೆ ಸಿಕ್ಕಿದ್ದು ಬೀಜದ ಒಳಗಿದೆಯೋ ಹೊರಗಿದೆಯೋ, ಗಟ್ಟಿಯೋ ನೀರು ತುಂಬಿದ್ದೋ ಎಂದು ಈ ಸ್ಕ್ಯಾನ್ ತೋರಿಸುತ್ತದೆ. ಬೀಜದ ಹೊರಗೆ ಸಿಗುವ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಒಳಗೆ ಗಟ್ಟಿಯಾದದ್ದು ಕಂಡರೆ ತಡಮಾಡದೆ ಮೂತ್ರಾಂಗ ತಜ್ಞರಿಗೆ ತೋರಿಸಬೇಕು. 'ಗೆಡ್ಡೆ' ಅಂದ ಕೂಡಲೇ ಜನ ಕ್ಯಾನ್ಸರ್ ಅಂದುಕೊಳ್ಳುತ್ತಾರೆ. ಹಾಗಾಗಿ ಸ್ಕ್ಯಾನ್ ಮುಗಿಯುವವರೆಗೆ 'ಗಂಟು' ಸಾಕು ಅನಿಸುತ್ತದೆ. ರಿಪೋರ್ಟ್‌ನಲ್ಲಿ 'ಮಾಸ್' ಎಂದು ಬಂದರೆ ಅದನ್ನು ಹೇಗೆ ವಿವರಿಸೋಣ? 'ಗಟ್ಟಿ ಗಂಟು' ಸಾಲುತ್ತದೆಯೇ?

ಕೊನೆಯದು ತುರ್ತಿನ ವಿಷಯ. ಬೀಜಕ್ಕೆ ರಕ್ತ ತರುವ ನಾಳಗಳಿರುವ ಬಳ್ಳಿ ತಿರುಗಿಕೊಂಡು ರಕ್ತ ನಿಂತುಹೋಗುವ ಸ್ಥಿತಿ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಬೀಜ ಉಳಿಯುವ ಸಾಧ್ಯತೆ ಹೆಚ್ಚು. ರಕ್ತದ ಹರಿವನ್ನು ಇದೇ ಸ್ಕ್ಯಾನ್‌ನ ಡಾಪ್ಲರ್ ಎಂಬ ವಿಧಾನ ಬಣ್ಣದಲ್ಲಿ ತೋರಿಸುತ್ತದೆ, ನಿಜ. ಆದರೆ ಹಠಾತ್ತನೆ ತಡೆಯಲಾರದ ನೋವು ಬಂದವನು ಸ್ಕ್ಯಾನ್ ದಿನಕ್ಕೆ ಕಾಯಬಾರದು, ಆಗಲೇ ತುರ್ತು ವಿಭಾಗಕ್ಕೆ ಓಡಬೇಕು. ಇದಕ್ಕೆ 'ಬೀಜ ತಿರುಚಿಕೊಳ್ಳುವುದು' ಎಂದು ಬರೆದಿದ್ದೇನೆ. 'ಹೊರಳುವುದು' ಅಂದರೆ ಅಷ್ಟು ಗಂಭೀರ ಅನಿಸದು. 'ಹುರಿಗೊಳ್ಳುವುದು' ಸರಿಹೊಂದುತ್ತದೆ, ಆದರೆ ಹದಿನಾಲ್ಕರ ಹುಡುಗನಿಗೆ ಗೊತ್ತಿರುತ್ತದಾ? ಈ ತೊಂದರೆ ಹೆಚ್ಚಾಗಿ ಆ ವಯಸ್ಸಿನವರಿಗೇ. ಅವನಿಗೆ ಓದಿದೊಡನೆ ತಿಳಿಯುವ ಪದ ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.