ಮಕ್ಕಳಿಗೆ ಮನೆಯಲ್ಲೇ ಕೈಯಾರೆ ಕಲಿಸುತ್ತಿರುವ ಕ್ರೈಸ್ತ ಕುಟುಂಬದವರು ದಯವಿಟ್ಟು ಅನುಭವ ಹೇಳಿ

ಶಿವಮೊಗ್ಗದ ಅಮ್ಮ
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ಮದು ಸಿಎಸ್‌ಐ ಸಭೆ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಚರ್ಚ್. ಮಗಳಿಗೆ ಐದೂವರೆ, ಮಗನಿಗೆ ಮೂರು. ಮಗಳನ್ನು ಜೂನ್‌ನಲ್ಲಿ ಶಾಲೆಗೆ ಸೇರಿಸೋದು ಬೇಡ, ಮನೆಯಲ್ಲೇ ಕಲಿಸೋಣ ಅಂತ ನಾನು, ಯಜಮಾನರು ಪ್ರಾರ್ಥನೆ ಮಾಡಿ ತೀರ್ಮಾನಿಸಿದ್ದೇವೆ. ಸುಮ್ನೆ ಪುಸ್ತಕ ಹಿಡಿಸಿ ಕೂರಿಸದೆ, ಕೈಯಲ್ಲಿ ಮಾಡುತ್ತಾ ಕಲಿಯಲಿ, ಬೈಬಲ್ ಕಥೆಗಳೂ ಅದರ ಜೊತೆಗೇ ಬರಲಿ ಅಂತ ಆಸೆ. ತಿಂಗಳಿಗೆ 2,000 ರೂಪಾಯಿಗಿಂತ ಜಾಸ್ತಿ ಆಗಲ್ಲ. ಅಮೆರಿಕದ ಕ್ರೈಸ್ತ ಪಠ್ಯದ ಸೆಟ್ ತರಿಸಿದರೆ ಒಳ್ಳೇದಾ? ಚಿಕ್ಕವನನ್ನು ಪಕ್ಕದಲ್ಲಿಟ್ಟುಕೊಂಡು ದೊಡ್ಡವಳಿಗೆ ಹೇಗೆ ಕಲಿಸುತ್ತೀರಿ?

ಬೆಂಗಳೂರಿನ ಅಪ್ಪ
ಸಿಸ್ಟರ್, ಆ ಸೆಟ್ಟಿನ ವಿಷಯ ನನ್ನನ್ನು ಕೇಳಿ. ಪುಸ್ತಕಕ್ಕೆ 31,400. ಕೊರಿಯರ್‌ಗೆ 12,850. ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡು ಕಟ್ಟಿಸಿಕೊಂಡಿದ್ದು 4,300 ಚಿಲ್ಲರೆ. ಪೆಟ್ಟಿಗೆಯ ಮೂಲೆ ಹರಿದು, ಟೀಚರ್ ಗೈಡ್ ಒದ್ದೆಯಾಗಿ ಹಾಳೆಗಳೆಲ್ಲ ಅಂಟಿಕೊಂಡಿದ್ದವು. ಮೇಲ್ ಮೇಲೆ ಮೇಲ್ ಹಾಕಿದರೂ ಮಾರಿದವರು ಬದಲಿ ಪುಸ್ತಕ ಕಳಿಸಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಪುಟಗಟ್ಟಲೆ ನಿಕಲ್, ಡೈಮ್ ಅನ್ನೋ ಅಮೆರಿಕದ ನಾಣ್ಯ ಎಣಿಸಬೇಕು. ಐದು ಸೆಂಟಿನ ನಿಕಲ್ ದೊಡ್ಡದು, ಹತ್ತು ಸೆಂಟಿನ ಡೈಮ್ ಚಿಕ್ಕದು ಅಂತ ನಮ್ಮ ಹುಡುಗ ಯಾಕೆ ಬಾಯಿಪಾಠ ಮಾಡಬೇಕು? ಅಳತೆಯೆಲ್ಲ ಇಂಚು, ಔನ್ಸು. ಪರಿಸರ ಪಾಠಕ್ಕೆ ಮೇಪಲ್ ಎಲೆ ಆರಿಸಿ ತರಬೇಕಂತೆ. ನಮ್ಮ ಬೀದಿಯಲ್ಲಿರೋದು ಹೊಂಗೆ ಮರ!

ಕೊನೆಗೆ ನಾವೇ ಮಾಡಿಕೊಂಡೆವು. ಆದಿಕಾಂಡ 6ರಲ್ಲಿ ನೋಹನ ನಾವೆಯ ಅಳತೆ ಇದೆ ಅಲ್ವಾ, ಉದ್ದ 300 ಮೊಳ, ಅಗಲ 50, ಎತ್ತರ 30. ಹೂವಿನವರು ಮೊಳ ಹಾಕೋದನ್ನು ಮಗ ದಿನಾ ನೋಡುತ್ತಾನೆ. ಚರ್ಚ್ ಕಾಂಪೌಂಡಿನಲ್ಲಿ ಹಗ್ಗ ಹಾಸಿ ಅವನು ತನ್ನ ಮೊಳದಲ್ಲಿ 50 ಅಳೆದ, ನಾನು ನನ್ನ ಮೊಳದಲ್ಲಿ 50. ನನ್ನ ಹಗ್ಗ ಅವನದನ್ನು ದಾಟಿ ಗೇಟಿನ ಹತ್ತಿರ ಹೋಯಿತು. ಎರಡೂ ತುದಿಗೆ ಓಡಾಡಿ ನೋಡಿ "ಅಪ್ಪಾ, ನೋಹನ ಕೈ ಯಾರ ಕೈಯಷ್ಟಿತ್ತು?" ಅಂದ. ಮೀಟರ್ ಟೇಪ್ ಯಾಕೆ ಬೇಕು ಅಂತ ಅವನಿಗೇ ಹೊಳೆಯಿತು. ಹಗ್ಗಕ್ಕೆ 180 ರೂಪಾಯಿ.

ಮಂಗಳೂರಿನ ಅಮ್ಮ
ಬ್ರದರ್ ಹೇಳದ್ದು ಒಂದುಂಟು. ಆ ಸೆಟ್ಟುಗಳಲ್ಲಿ ಕೆಲವು ನಮ್ಮಂಥ ಕಥೋಲಿಕರಿಗೆ ಆಗುವುದೇ ಇಲ್ಲ. ಮಾತೆ ಮರಿಯಮ್ಮನವರ ಬಗ್ಗೆ, ಪೋಪರ ಬಗ್ಗೆ ಬರೆದದ್ದನ್ನು ಓದಿ ನನಗೆ ಹೊಟ್ಟೆ ಉರಿದಿತ್ತು.

ನಾನು ಹಿಡಿದದ್ದು ಮಾಂಟೆಸ್ಸರಿ ದಾರಿ, ಮಕ್ಕಳು ವಸ್ತುಗಳನ್ನು ಕೈಯಲ್ಲಿ ಹಿಡಿದೇ ಕಲಿಯುವುದು. ಅದನ್ನು ಶುರು ಮಾಡಿದ ಮರಿಯಾ ಮಾಂಟೆಸ್ಸರಿಯವರೂ ಕಥೋಲಿಕರೇ, 1939ರಲ್ಲಿ ಮದ್ರಾಸಿಗೆ ಬಂದು ಯುದ್ಧ ಮುಗಿಯುವವರೆಗೂ ನಮ್ಮ ದೇಶದಲ್ಲೇ ಇದ್ದವರು. ಮಕ್ಕಳು ಒಂದರ ಮೇಲೊಂದು ಇಡುವ ಅವರ ಗುಲಾಬಿ ಗೋಪುರಕ್ಕೆ 10 ಘನಗಳು, 1 ಸೆಂಟಿಮೀಟರಿನಿಂದ 10ರವರೆಗೆ. ಅಂಗಡಿಯಲ್ಲಿ 3,200 ಹೇಳಿದರು. ಬಡಗಿಯ ಹತ್ತಿರ ಹಲಸಿನ ಮರದಲ್ಲಿ ಮಾಡಿಸಿದೆ. ಮರಕ್ಕೆ 600, ಕೂಲಿಗೆ 900, ಬಣ್ಣಕ್ಕೆ 240. ಏಳರ ಘನ ಆರರ ಹತ್ತಿರಕ್ಕೇ ಬಂದಿತ್ತು, ಮಗಳು ಕೈಯಲ್ಲಿ ಹಿಡಿದ ಕೂಡಲೇ ಕಂಡುಹಿಡಿದಳು. ಹೊಸತು ಮಾಡಲಿಕ್ಕೆ ಆ ಬಡಗಿ ಇನ್ನೂ 150 ತೆಗೆದುಕೊಂಡ. ತಪ್ಪು ಅವನದ್ದು, ದುಡ್ಡು ನನ್ನದು!

ಬೆರಳಲ್ಲಿ ತೀಡುವ ಸ್ಯಾಂಡ್‌ಪೇಪರ್ ಅಕ್ಷರ ನಾನು ಹುಡುಕಿದಲ್ಲೆಲ್ಲ ಇಂಗ್ಲಿಷಿನದ್ದೇ. ಕನ್ನಡದ 49 ಅಕ್ಷರಗಳನ್ನೂ ಒತ್ತಕ್ಷರಗಳನ್ನೂ ನಾನೇ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಕತ್ತರಿ ಮೊಂಡಾಗಿ ಹಾಳಾಯಿತು, ಹೆಬ್ಬೆರಳಲ್ಲಿ ಬೊಕ್ಕೆ ಎದ್ದಿತು. ಈಗ ಅವಳ ಅಕ್ಷರ ನೋಡಬೇಕು ನೀವು.

ಬೈಬಲ್ ಅಂದಿರಲ್ಲ. ಮತ್ತಾಯ 13ರ ಹುಳಿಹಿಟ್ಟಿನ ಸಾಮತಿ, ಅಂದರೆ ಸ್ವಲ್ಪ ಹುಳಿ ಇಡೀ ಹಿಟ್ಟನ್ನು ಉಬ್ಬಿಸುವ ಯೇಸುವಿನ ದೃಷ್ಟಾಂತ ಕಥೆ, ಕಲಿಸಿದ್ದು ನಮ್ಮ ಇಡ್ಲಿಯಂಥ ಸಣ್ಣಾದ ಹಿಟ್ಟಿನಲ್ಲಿ. ಕಳ್ಳು ಹಾಕಿ ಕಲಸಿ, ಹಿಟ್ಟು ಎಲ್ಲಿವರೆಗೆ ಉಂಟೋ ಅಲ್ಲಿಗೆ ಪಾತ್ರೆಯ ಹೊರಗಿಂದ ಸೀಮೆಸುಣ್ಣದ ಗೆರೆ ಹಾಕಿಸಿದೆ. ಗಳಿಗೆಗೊಮ್ಮೆ ಹೋಗಿ ನೋಡಿದರು. ಗೆರೆ ದಾಟಿ ಮೇಲೆ ಬಂದಾಗ ಕಿರುಚಾಟವೇ ಕಿರುಚಾಟ.

ಧಾರವಾಡದ ಟೀಚರ್
ನಾ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ನಮ್ಮ ಧಾರವಾಡದ ತನಕ ಶಾಲೆ ತೆರೆದರು. ಶಾಲೆ ಕಟ್ಟಿದ ಸಭೆಯವರೇ ಇವತ್ತು ಮಕ್ಕಳನ್ನ ಬಾಗಿಲ ಹಾಕಿ ಮನೆಯೊಳಗ ಕೂರಿಸಿಕೊಂಡರೆ ಹ್ಯಾಂಗ್ರಿ? ಮನೆಯಲ್ಲಿ ಕಲಿತ ಒಂದು ಹುಡುಗ ನನ್ನ ನಾಲ್ಕನೇ ತರಗತಿಗೆ ಬಂದಿದ್ದ. ಓದು ಚಲೋ ಇತ್ತು. ಆದರೆ ಪಕ್ಕದಾಂವ ರಬ್ಬರ್ ಮುಟ್ಟಿದರೆ ಅಳೋದು. ನಮ್ಮ ಮಗಳು ಕನ್ನಡ ಶಾಲೆಯಲ್ಲೇ ಓದಿ ಇವತ್ತು ನರ್ಸಿಂಗ್ ಮುಗಿಸ್ಯಾಳ. ಸಂಡೇ ಸ್ಕೂಲಿಗೂ ತಪ್ಪಿಲ್ಲ, ನಂಬಿಕೆಯೂ ಎಲ್ಲೂ ಹೋಗಿಲ್ಲ.

ಬೆಂಗಳೂರಿನ ಅಪ್ಪ
ಟೀಚರ್, ಬಾಗಿಲು ಹಾಕಿ ಕೂರಿಸಿದ್ದೇವೆ ಅಂತ ಯಾರು ಹೇಳಿದರು? ಧರ್ಮೋಪದೇಶಕಾಂಡ 6:7 ತೆಗೆದು ನೋಡಿ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಕಲಿಸಿ ಅಂತ ಇರೋದು ತಂದೆತಾಯಿಗೆ. ನನ್ನ ಮಗ ಶಾಲೆಯಲ್ಲಿದ್ದಾಗ ತರಗತಿಯಲ್ಲಿ 52 ಮಕ್ಕಳು. ಒಂದು ಇಡೀ ಟರ್ಮ್ ಅವನ ಕನ್ನಡಕದ ನಂಬರ್ ಬದಲಾಗಿದ್ದು ಒಬ್ಬರಿಗೂ ಗೊತ್ತಾಗಲಿಲ್ಲ. ಬೋರ್ಡ್ ಕಾಣದೆ ಪೆದ್ದ ಅನ್ನಿಸಿಕೊಂಡ ಮಗು ಅದು.

ಧಾರವಾಡದ ಟೀಚರ್
52 ಮಕ್ಕಳ ಹೊಣೆ ಒಬ್ಬಾಕಿ ಮ್ಯಾಲೆ ಹಾಕಿದವರನ್ನ ಕೇಳ್ರಿ ಸರ್. ಟೀಚರನ್ನ ಬೈಬ್ಯಾಡ್ರಿ.

ಮೈಸೂರಿನ ಅಮ್ಮ
ಇಬ್ಬರೂ ಜಗಳ ನಿಲ್ಲಿಸಿ, ಕಾಗದಪತ್ರದ ಮಾತಿಗೆ ಬನ್ನಿ. ನಾನು ಮೂರನೇ ತರಗತಿವರೆಗೆ ಮನೆಯಲ್ಲೇ ಕಲಿಸಿ, ಮನೆಯವರ ಕೆಲಸ ಹೋದಾಗ ಮಗನನ್ನು ಶಾಲೆಗೆ ಹಾಕಬೇಕಾಯಿತು. "ಟಿಸಿ ಎಲ್ಲಿ? ಸ್ಯಾಟ್ಸ್ ನಂಬರ್ ಎಲ್ಲಿ?" ಸ್ಯಾಟ್ಸ್ ಅಂದರೆ ರಾಜ್ಯದಲ್ಲಿ ಶಾಲೆಗೆ ಸೇರಿದ ಮಕ್ಕಳಿಗೆ ಕೊಡುವ ನಂಬರ್. ಒಂದು ಶಾಲೆಯವರು ಒಳಗೂ ಕೂರಿಸಲಿಲ್ಲ. ಇನ್ನೊಂದರಲ್ಲಿ ಎರಡನೇ ತರಗತಿಗೆ ಹಾಕಿ ಅಂದರು. ಶಿಕ್ಷಣ ಹಕ್ಕು ಕಾಯ್ದೆ 2009ರ 4ನೇ ಸೆಕ್ಷನ್ ಪ್ರಿಂಟ್ ತೆಗೆದುಕೊಂಡು ಹೋದೆ. ಶಾಲೆಗೇ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಮಧ್ಯದಲ್ಲಿ ಅಫಿಡವಿಟ್, ನೋಟರಿ, ಜೆರಾಕ್ಸ್, ಆಟೋ ಎಲ್ಲ ಸೇರಿ 2,760 ಖರ್ಚು. ಕಣ್ಣೀರಿಗೆ ಲೆಕ್ಕ ಇಟ್ಟಿಲ್ಲ.

ಎನ್‌ಐಓಎಸ್‌ನ ಓಬಿಇ ದಾರಿ ಇದೆ, ಅಂದರೆ ಶಾಲೆಗೆ ಹೋಗದೆಯೇ ಪರೀಕ್ಷೆ ಬರೆಯುವ ಕೇಂದ್ರ ಸರ್ಕಾರದ ಮುಕ್ತ ಶಾಲೆಯ ಎಂಟನೇ ತರಗತಿವರೆಗಿನ ಕೋರ್ಸ್. ಎ ಹಂತ ಮೂರನೇ ತರಗತಿಗೆ ಸಮ, ಬಿ ಐದಕ್ಕೆ, ಸಿ ಎಂಟಕ್ಕೆ. ಹತ್ತನೇದನ್ನೂ ಅಲ್ಲೇ ಬರೆಯಬಹುದು, 14 ತುಂಬಿರಬೇಕು. ಆದರೆ ಓಬಿಇಗೆ ಮಾನ್ಯತೆ ಇರುವ ಕೇಂದ್ರ ಹತ್ತಿರದಲ್ಲಿದೆಯಾ ನೋಡಿಕೊಳ್ಳಿ.

ಇನ್ನೊಂದು. ಪ್ರಾರ್ಥನೆ ಇಬ್ಬರೂ ಮಾಡುತ್ತಾರೆ. ದಿನವಿಡೀ ಕಲಿಸೋದು ಯಾರು? ನಮ್ಮ ಮನೆಯಲ್ಲಿ ನಾನೊಬ್ಬಳೇ. ಸಭೆಯಲ್ಲಿ ಹೊಗಳಿಕೆ ಮಾತ್ರ ಮನೆಯವರಿಗೆ.

ಬೆಂಗಳೂರಿನ ಅಪ್ಪ
ಎಲ್ಲರ ಮನೆ ಒಂದೇ ಥರ ಇರಲ್ಲ ಸಿಸ್ಟರ್. ನಾನು ರಾತ್ರಿ ಶಿಫ್ಟ್ ತೆಗೆದುಕೊಂಡು ಬೆಳಿಗ್ಗೆ ಕಲಿಸುತ್ತೇನೆ.
ಮಂಗಳೂರಿನ ಅಕ್ಕನಿಗೆ ಒಂದು ಮಾತು. ಮಕ್ಕಳ ಕೈಗೆ ಕಳ್ಳು ಕೊಟ್ಟು ಯೇಸುವಿನ ಸಾಮತಿ ಕಲಿಸೋದು ನನಗೆ ಸರಿ ಕಾಣಲಿಲ್ಲ. ಅಂಗಡಿಯ ಯೀಸ್ಟ್ ಸಾಕಲ್ಲವೇ?

ಮಂಗಳೂರಿನ ಅಮ್ಮ
ಎಂಥ ಮಾರಾಯ್ರೆ! ಕುಡಿಯಲಿಕ್ಕೆ ಕೊಟ್ಟೆನಾ? ನಮ್ಮಲ್ಲಿ ಹಬ್ಬಕ್ಕೆ ಸಣ್ಣಾ ಇಲ್ಲದೆ ಊಟವೇ ಇಲ್ಲ. ಹಿಟ್ಟು ಉಬ್ಬಲಿಕ್ಕೆ ಹಾಕುವುದು, ಆವಿಯಲ್ಲಿ ಬೇಯುತ್ತದೆ. ಯೀಸ್ಟಿನ ಸಣ್ಣಾಕ್ಕೆ ಆ ರುಚಿಯೂ ಇಲ್ಲ, ಆ ಪರಿಮಳವೂ ಇಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿಕೊಟ್ಟರು ಅಂತ ನಿಮ್ಮ ಮಗನಿಗೆ ಕಲಿಸಿದ್ದೀರಾ?

ಶಿವಮೊಗ್ಗದ ಅಮ್ಮ
ದಯವಿಟ್ಟು ಜಗಳ ಬೇಡ. ಮೂರು ವರ್ಷದವನನ್ನು ಏನು ಮಾಡಲಿ ಅಂತ ಯಾರಾದರೂ ಹೇಳಿ.

ಮೈಸೂರಿನ ಅಮ್ಮ
ನೀರಿನ ಕೆಲಸ ಕೊಡಿ. ಒಂದು ಟಬ್, ಎರಡು ಲೋಟ, ಒಂದು ಸ್ಪಂಜು. ಸುರಿಯಲಿ, ಹಿಂಡಲಿ, ಒರೆಸಲಿ. ನೀವು ಪಕ್ಕದಲ್ಲೇ ಇರಿ. ಸಾಸಿವೆ, ಕಡಲೆ ಮಾತ್ರ ಅವನ ಕೈಗೆ ಸಿಗದ ಹಾಗೆ ಇಡಿ. ನನ್ನ ಚಿಕ್ಕವಳು ಕಡಲೆಕಾಳು ಮೂಗಿಗೆ ಹಾಕಿಕೊಂಡು, ಇಎನ್‌ಟಿ ಡಾಕ್ಟರ್ ಫೀಸು 700, ತೆಗೆದದ್ದಕ್ಕೆ 1,500 ಆಯಿತು.

ಧಾರವಾಡದ ಟೀಚರ್
ಅದಕ್ಕs ಅಂಗನವಾಡಿ ಇರೋದ್ರಿ ಅಕ್ಕಾ. ಮೂರು ತುಂಬಿದಾಂವನ್ನ ಅಲ್ಲಿಗೆ ಕಳಿಸ್ರಿ, ಒಂದು ರೂಪಾಯಿ ಖರ್ಚಿಲ್ಲ.

ಬೆಂಗಳೂರಿನ ಅಪ್ಪ
ಶುರುವಾಯಿತು ಮತ್ತೆ. ಅವರು ಕೇಳಿದ್ದು ಮನೆಯಲ್ಲಿ ಕಲಿಸೋದು ಹೇಗೆ ಅಂತ, ಟೀಚರ್.