ಫ್ರಾನ್ಸಿನ ಆ ಹಳ್ಳಿಯ ವಿಷಯ ನಿಜ, ಚಿಕ್ಕಪ್ಪ

ಚಿಕ್ಕಪ್ಪ, ಫ್ರಾನ್ಸಿನಲ್ಲಿ ಯಾರೋ ಹಿರಿಯರು ತಮ್ಮ ಆಸ್ತಿಯನ್ನು ಒಂದು ಹಳ್ಳಿಗೆ ಬರೆದಿಟ್ಟರು ಅಂತ ಬೆಳಗ್ಗೆ ನಮ್ಮ ಮನೆಯವರ ಗ್ರೂಪಿನಲ್ಲಿ ಫಾರ್ವರ್ಡ್ ಹಾಕಿ, ನಿಜಾನಾ ಸುಳ್ಳಾ ಅಂತ ಕೇಳಿದ್ದಿರಲ್ಲ. ನಿಜ. ಅವರ ಹೆಸರು ಎರಿಕ್ ಶ್ವಾಮ್. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು, 90 ವರ್ಷ ಆಗಿತ್ತು. ಕೊಟ್ಟಿದ್ದು ಸುಮಾರು 20 ಲಕ್ಷ ಯೂರೋ. ಮಕ್ಕಳ ಓದಿಗೆ ಬಳಸಿ ಅಂತ ಕೇಳಿಕೊಂಡಿದ್ದರು. ಆದರೆ ಆ ಮೆಸೇಜಿನಲ್ಲಿ ದುಡ್ಡಿನ ಮಾತೇ ಜಾಸ್ತಿ. ಊರಿನವರು ಮಾಡಿದ್ದೇನು ಅಂತ ಹೇಳದೆ ಇರೋಕೆ ನನಗೆ ಆಗುತ್ತಿಲ್ಲ, ಸ್ವಲ್ಪ ಉದ್ದ ಆದರೂ ಓದಿ.

ಊರಿನ ಹೆಸರು ಲೆ ಶಾಂಬೋ ಸ್ಯುರ್ ಲಿನ್ಯೋ. ಸಾವಿರ ಮೀಟರ್ ಹತ್ತಿರ ಎತ್ತರದ ಗುಡ್ಡಗಾಡು, ಜನ ಎರಡೂವರೆ ಸಾವಿರದಷ್ಟು. ಕ್ಯಾಥೊಲಿಕರೇ ತುಂಬಿರುವ ದೇಶದಲ್ಲಿ ಇಲ್ಲಿಯವರು ಹೆಚ್ಚಾಗಿ ಪ್ರೊಟೆಸ್ಟೆಂಟರು. 1685ರಲ್ಲಿ ರಾಜ ಹದಿನಾಲ್ಕನೇ ಲೂಯಿ ಅವರ ಧರ್ಮವನ್ನೇ ನಿಷೇಧಿಸಿದ್ದ. ಕದ್ದುಮುಚ್ಚಿ ಪ್ರಾರ್ಥನೆ ಮಾಡಿದ ಅಜ್ಜ ಮುತ್ತಜ್ಜಂದಿರ ಕಥೆ ಮನೆಮನೆಯಲ್ಲೂ ಗೊತ್ತಿತ್ತು.

1940ರಲ್ಲಿ ಫ್ರಾನ್ಸ್ ಹಿಟ್ಲರನ ಜರ್ಮನಿಗೆ ಸೋತಿತು. ಯಹೂದಿಗಳನ್ನು ಹಿಡಿದು ಜರ್ಮನರ ಸಾವಿನ ಶಿಬಿರಗಳಿಗೆ ಕಳಿಸುವ ಕೆಲಸಕ್ಕೆ ಫ್ರಾನ್ಸಿನ ಸರ್ಕಾರವೇ ಕೈಜೋಡಿಸಿತು. ಶಾಂಬೋ ಊರಿನ ಪಾದ್ರಿ ಆಂದ್ರೆ ಟ್ರೋಕ್ಮೆ, ಅವರ ಹೆಂಡತಿ ಮಾಗ್ದಾ, ಇಬ್ಬರೂ ತಪ್ಪಿಸಿಕೊಂಡು ಬಾಗಿಲಿಗೆ ಬಂದ ಯಹೂದಿಗಳನ್ನು ಒಳಗೆ ಕರೆದುಕೊಂಡರು. ಆಮೇಲೆ ರೈತರ ಮನೆ, ಬಾಡಿಗೆ ಕೋಣೆ, 1938ರಲ್ಲಿ ಶುರುವಾಗಿದ್ದ ಶಾಲೆ, ಎಲ್ಲ ಕಡೆ ಮಕ್ಕಳು ತುಂಬಿಕೊಂಡರು. ನಕಲಿ ಗುರುತಿನ ಚೀಟಿಗಳೂ ತಯಾರಾದವು. ಮನೆಯಲ್ಲಿ ಇರುವ ರೇಷನ್ನನ್ನೇ ಹಂಚಿ ಉಣ್ಣಬೇಕಾದ ಕಾಲ ಅದು!

1942ರ ಆಗಸ್ಟ್‌ನಲ್ಲಿ ಪೊಲೀಸರು ಬಸ್ಸುಗಳನ್ನು ತಂದರು. ಯಹೂದಿಗಳ ಪಟ್ಟಿ ಕೊಡಿ ಅಂದರು. ಪಾದ್ರಿ ಕೊಡಲಿಲ್ಲ. ಅಷ್ಟರಲ್ಲಿ ಮಕ್ಕಳು ಕಾಡಿಗೆ, ದೂರದ ತೋಟದ ಮನೆಗಳಿಗೆ ಹೋಗಿಯಾಗಿತ್ತು. ಬಸ್ಸುಗಳು ಹೆಚ್ಚುಕಡಿಮೆ ಖಾಲಿಯೇ ವಾಪಸ್ ಹೋದವು. ನನಗೆ ದೊಡ್ಡದು ಅನ್ನಿಸುವುದು ಇದೇ. ಒಬ್ಬ ಧೀರ ಇದ್ದರೆ ಸಾಲದು, ಅಕ್ಕಪಕ್ಕದವರೆಲ್ಲ ಬಾಯಿ ಮುಚ್ಚಿಕೊಂಡು ಜೊತೆಗೆ ನಿಲ್ಲಬೇಕು, ಅಲ್ವಾ?

ಎಲ್ಲರೂ ಉಳಿಯಲಿಲ್ಲ. ಪಾದ್ರಿಯ ಸಂಬಂಧಿ ಡೇನಿಯಲ್ ಟ್ರೋಕ್ಮೆ ವಿದ್ಯಾರ್ಥಿಗಳ ವಸತಿ ನೋಡಿಕೊಳ್ಳುತ್ತಿದ್ದರು. 1943ರ ಜೂನ್‌ನಲ್ಲಿ ಜರ್ಮನ್ ಪೊಲೀಸರು ಅಲ್ಲಿಗೆ ನುಗ್ಗಿದಾಗ ಅವರು ಬೇರೆ ಕಡೆ ಇದ್ದರು. ಓಡಿಹೋಗಬಹುದಿತ್ತು. ಹೋಗಲಿಲ್ಲ, ತಮ್ಮ ಹುಡುಗರ ಜೊತೆಗೇ ಇರುತ್ತೇನೆ ಅಂತ ಬಂದರು. 1944ರಲ್ಲಿ ಪೋಲೆಂಡಿನಲ್ಲಿದ್ದ ಜರ್ಮನರ ಮೈದಾನೆಕ್ ಶಿಬಿರದಲ್ಲಿ ಸತ್ತರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆಸ್ತಿ ಬರೆದಿಟ್ಟ ಶ್ವಾಮ್ ವಿಯೆನ್ನಾದ ಯಹೂದಿ ಹುಡುಗ. 1943ರಲ್ಲಿ ಮನೆಯವರ ಜೊತೆ ಶಾಂಬೋಗೆ ಬಂದು, ಯುದ್ಧ ಮುಗಿದ ಮೇಲೂ ಕೆಲವು ವರ್ಷ ಅಲ್ಲೇ ಇದ್ದರು. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಯಹೂದಿಗಳನ್ನು ಕಾಪಾಡಿದವರನ್ನು ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಗೌರವಿಸುತ್ತದೆ. 1990ರಲ್ಲಿ ಇಡೀ ಶಾಂಬೋ ಊರನ್ನು, ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಗೌರವಿಸಿತು.

ಅತ್ತೆ, ನಿಮ್ಮ ಶಾಲೆಯ ಮಕ್ಕಳಿಗೆ ಹೇಳುವುದಾದರೆ ದುಡ್ಡಿನ ವಿಷಯ ಕೊನೆಗಿರಲಿ, ಡೇನಿಯಲ್ ಕಥೆ ಮೊದಲು ಹೇಳಿ. 2013ರಲ್ಲಿ ಆ ಊರಿನಲ್ಲೇ ಒಂದು ಮ್ಯೂಸಿಯಂ ಶುರುವಾಗಿದೆ. ಬೇಕಾದರೆ ನೆಟ್‌ನಲ್ಲಿ ಫೋಟೋ ಹುಡುಕಿ ಕಳಿಸುತ್ತೇನೆ.